2⁶⁴ − 1 ಎಂಬ ಇಪ್ಪತ್ತು ಅಂಕಿಯ ಸಂಖ್ಯೆ: ಪದೇ ಪದೇ ಕೇಳುವ ಪ್ರಶ್ನೆಗಳು

18446744073709551615. ಚದುರಂಗದ ಹಲಗೆಯ ಅಕ್ಕಿಕಾಳಿನ ಲೆಕ್ಕದಲ್ಲಿ ಬರುವುದು ಇದೇ, ಹನೋಯ್ ಗೋಪುರದ ಒಗಟಿನಲ್ಲಿ ಬರುವುದೂ ಇದೇ. ಪ್ರೋಗ್ರಾಂ ಎಡವಟ್ಟಾದಾಗ ಪರದೆಯ ಮೇಲೆ ದಿಢೀರನೆ ಪ್ರತ್ಯಕ್ಷವಾಗುವುದೂ ಇದೇ. ಬರೀ ಅಂಕಿಗಳನ್ನು ದಿಟ್ಟಿಸಿದರೆ ತಲೆಬುಡ ತಿಳಿಯುವುದಿಲ್ಲ. 2⁶⁴ − 1 ಎಂಬ ರೂಪವನ್ನು ಹಿಡಿದುಕೊಂಡರೆ ಕೆಳಗಿನ ಬಹುಪಾಲು ಪ್ರಶ್ನೆಗಳಿಗೆ ಕಾಗದ, ಪೆನ್ನು ಸಾಕು.

ಇದನ್ನು ಕನ್ನಡದಲ್ಲಿ ಓದುವುದು ಹೇಗೆ?

ನಮ್ಮ ಪದ್ಧತಿಯಂತೆ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಕೋಟಿಯಿಂದಾಚೆಗೆ ದಿನಬಳಕೆಯ ಹೆಸರುಗಳಿಲ್ಲ, ಹಾಗಾಗಿ ಕೋಟಿಯನ್ನೇ ಎರಡು ಸಲ ಹೇಳಬೇಕಾಗುತ್ತದೆ: 1 ಲಕ್ಷ 84 ಸಾವಿರದ 467 ಕೋಟಿ ಕೋಟಿ, 44 ಲಕ್ಷ 7 ಸಾವಿರದ 370 ಕೋಟಿ, 95 ಲಕ್ಷ 51 ಸಾವಿರದ 615.

ಹಳೆಯ ಹೆಸರುಗಳಲ್ಲೇ ಹೇಳಬೇಕೆಂದರೆ ಯಾರ ಪಟ್ಟಿ ಎನ್ನುವುದನ್ನು ಮೊದಲು ಹೇಳಿಬಿಡಿ, ಏಕೆಂದರೆ ಒಬ್ಬರ ಖರ್ವ ಇನ್ನೊಬ್ಬರ ಖರ್ವವಲ್ಲ. ಭಾಸ್ಕರಾಚಾರ್ಯರ ‘ಲೀಲಾವತಿ’ಯ ಪಟ್ಟಿ ಪರಾರ್ಧಕ್ಕೆ, ಅಂದರೆ 10¹⁷ಕ್ಕೆ ನಿಲ್ಲುತ್ತದೆ. ನಮ್ಮ ಸಂಖ್ಯೆ ಅದರ 184 ಪಟ್ಟಿಗಿಂತ ದೊಡ್ಡದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದ್ದಾರೆ. ಆ ಪಟ್ಟಿಯಲ್ಲಿ ಇದು ಸಲೀಸಾಗಿ ಕೂರುತ್ತದೆ: 1 ಮಹಾಶಂಖ, 8 ಶಂಖ, 4 ಮಹಾಕ್ಷೋಣಿ, 4 ಕ್ಷೋಣಿ, 6 ಮಹಾಪದ್ಮ, 7 ಪದ್ಮ, 4 ಮಹಾಖರ್ವ, 4 ಖರ್ವ, ನ್ಯರ್ಬುದ ಸೊನ್ನೆ, 7 ಅರ್ಬುದ, 3 ಶತಕೋಟಿ, 7 ದಶಕೋಟಿ, ಹೀಗೆ ಕೆಳಗಿಳಿಯುತ್ತದೆ.

ಕ್ಯಾಲ್ಕುಲೇಟರ್ ಇಲ್ಲದೆ ಲೆಕ್ಕ ಹಾಕಬಹುದೇ?

ಹಾಕಬಹುದು. 64 ಸಲ ಎರಡರಿಂದ ಗುಣಿಸುತ್ತಾ ಕೂರುವ ಅಗತ್ಯವಿಲ್ಲ, ಆರು ಸಲ ವರ್ಗ ಮಾಡಿದರೆ ಮುಗಿಯಿತು: 2, 4, 16, 256, 65536, 4294967296, ಆಮೇಲೆ ಉತ್ತರ. ಕೊನೆಯ ವರ್ಗವೊಂದೇ ಸ್ವಲ್ಪ ಬೆವರಿಳಿಸುತ್ತದೆ. 4294967296 ಅನ್ನು 42949 ಮತ್ತು 67296 ಎಂದು ಐದೈದು ಅಂಕಿಗೆ ಸೀಳಿ:

42949² = 1844616601
2 × 42949 × 67296 = 5780591808
67296² = 4528751616

ಮೊದಲನೆಯದಕ್ಕೆ ಹತ್ತು ಸೊನ್ನೆ, ಎರಡನೆಯದಕ್ಕೆ ಐದು ಸೊನ್ನೆ ಸೇರಿಸಿ ಮೂರನ್ನೂ ಕೂಡಿದರೆ 18446744073709551616. ಒಂದು ಕಳೆಯಿರಿ. ತಪ್ಪುವುದು ಸಾಮಾನ್ಯವಾಗಿ ಗುಣಾಕಾರದಲ್ಲಲ್ಲ, ಸೊನ್ನೆ ಜೋಡಿಸುವಾಗ. ಚೌಕಳಿ ಹಾಳೆಯಲ್ಲಿ ಒಂದು ಮನೆಗೆ ಒಂದೇ ಅಂಕಿ ಬರೆಯಿರಿ.

ನಕಲು ಮಾಡಿಕೊಂಡದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಅಂಕಿಗಳ ಮೊತ್ತ 87 ಬರಬೇಕು, ಅಂದರೆ 9ರಿಂದ ಭಾಗಿಸಿದರೆ ಶೇಷ 6. ಆದರೆ ಈ ಪರೀಕ್ಷೆ ಬಹಳ ಉದಾರಿ. ಅಂಕಿಗಳು ಅದಲುಬದಲಾದರೆ ಮೊತ್ತವೇನೂ ಬದಲಾಗುವುದಿಲ್ಲ. ಬಲದಿಂದ ಒಂದೊಂದೇ ಅಂಕಿಯನ್ನು ಒಂದು ಬಿಟ್ಟು ಒಂದು ಕಳೆಯುತ್ತಾ ಕೂಡುತ್ತಾ ಹೋಗುವ 11ರ ಪರೀಕ್ಷೆ ಅಕ್ಕಪಕ್ಕದ ಅದಲುಬದಲನ್ನು ಹಿಡಿಯುತ್ತದೆ, ಒಂದು ಮನೆ ಬಿಟ್ಟು ಆದ ಅದಲುಬದಲನ್ನು ಹಿಡಿಯುವುದಿಲ್ಲ.

1001ರ ಪರೀಕ್ಷೆ ಇದಕ್ಕಿಂತ ಮೇಲು. ಬಲದಿಂದ ಮೂರು ಮೂರು ಅಂಕಿ ಗುಂಪು ಮಾಡಿ, ಒಂದು ಬಿಟ್ಟು ಒಂದು ಕಳೆಯುತ್ತಾ ಕೂಡುತ್ತಾ ಹೋಗಿ: 615 − 551 + 709 − 73 + 744 − 446 + 18 = 1016. ಅದರಲ್ಲಿ 1001 ಕಳೆದರೆ 15. 1001 = 7 × 11 × 13 ಆದ್ದರಿಂದ ಇದೊಂದರಲ್ಲೇ ಮೂರು ಪರೀಕ್ಷೆಗಳಿವೆ. 15 ಬರದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. 9 ಮತ್ತು 1001 ಎರಡನ್ನೂ ದಾಟಿದರೆ ನೆಮ್ಮದಿಯಿಂದ ಮುಂದುವರಿಯಬಹುದು.

ಇದು ಅವಿಭಾಜ್ಯ ಸಂಖ್ಯೆಯೇ?

ಅಲ್ಲ. 5ರಲ್ಲಿ ಕೊನೆಯಾಗುತ್ತದೆ.

ಹಾಗಾದರೆ ಅಪವರ್ತನಗಳು ಯಾವುವು?

3 × 5 × 17 × 257 × 641 × 65537 × 6700417.

ಇದನ್ನು ಪಡೆಯಲು 3, 7, 11 ಎಂದು ಒಂದೊಂದರಿಂದ ಭಾಗಿಸುತ್ತಾ ಹೋಗುವುದು ದಂಡ. a² − b² = (a − b)(a + b) ಎಂಬ ಹೈಸ್ಕೂಲಿನ ಸೂತ್ರವನ್ನೇ ಮತ್ತೆ ಮತ್ತೆ ಹಾಕಿ:

2⁶⁴ − 1 = (2³² − 1)(2³² + 1)
2³² − 1 = (2¹⁶ − 1)(2¹⁶ + 1)

ಹೀಗೇ ಇಳಿದು 2² − 1 = (2 − 1)(2 + 1) ತನಕ ಬನ್ನಿ. ಕೈಯಲ್ಲಿ ಉಳಿಯುವುದು 3, 5, 17, 257, 65537, 4294967297. ಇವು ಮೊದಲ ಆರು ಫರ್ಮಾ ಸಂಖ್ಯೆಗಳು, ಅಂದರೆ ಘಾತ 1, 2, 4, 8 ಎಂದು ದುಪ್ಪಟ್ಟಾಗುತ್ತಾ ಹೋಗುವ ಎರಡರ ಘಾತಗಳಿಗೆ ಒಂದು ಸೇರಿಸಿ ಬರುವವು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಕೊನೆಯದನ್ನು ಐದನೆಯದು ಎನ್ನುತ್ತಾರೆ. ಮೊದಲ ಐದೂ ಅವಿಭಾಜ್ಯ. ಇಂಥವೆಲ್ಲವೂ ಅವಿಭಾಜ್ಯವೇ ಇರಬೇಕೆಂದು ಫ್ರೆಂಚ್ ಗಣಿತಜ್ಞ ಫರ್ಮಾ 1640ರ ಸುಮಾರಿಗೆ ಊಹಿಸಿದ್ದರು. ಮುಂದಿನದರಲ್ಲೇ ಊಹೆ ಮುರಿದುಬಿತ್ತು: 4294967297 = 641 × 6700417 ಎಂದು 1732ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದರು. ಐದಕ್ಕಿಂತ ಮುಂದಿನ ಯಾವ ಫರ್ಮಾ ಸಂಖ್ಯೆಯೂ ಅವಿಭಾಜ್ಯವೆಂದು ಇಂದಿಗೂ ಕಂಡುಬಂದಿಲ್ಲ.

ಭಾಗಾಕಾರ ಮಾಡದೆ 641 ಭಾಗಿಸುತ್ತದೆ ಎಂದು ತೋರಿಸಲು ಸಾಧ್ಯವೇ?

ಸಾಧ್ಯ, ಮತ್ತು ಅದು ಬಹಳ ಸೊಗಸಾಗಿದೆ. 641 ಅನ್ನು ಎರಡು ರೀತಿ ಬರೆಯಬಹುದು:

641 = 5 × 2⁷ + 1
641 = 5⁴ + 2⁴

ಮೊದಲನೆಯ ಸಾಲಿನ ಪ್ರಕಾರ, 641ರಿಂದ ಭಾಗಿಸಿದಾಗ 5 × 2⁷ ಮತ್ತು −1 ಒಂದೇ ಶೇಷ ಕೊಡುತ್ತವೆ. ನಾಲ್ಕನೇ ಘಾತಕ್ಕೇರಿಸಿದರೆ 5⁴ × 2²⁸ ಮತ್ತು 1 ಒಂದೇ ಶೇಷ. ಎರಡನೆಯ ಸಾಲಿನ ಪ್ರಕಾರ 5⁴ ಇರುವಲ್ಲಿ −2⁴ ಹಾಕಬಹುದು. ಆಗ −2³² ಮತ್ತು 1 ಒಂದೇ ಶೇಷ, ಅಂದರೆ 2³² + 1 ಪೂರ್ತಿಯಾಗಿ ಭಾಗವಾಗುತ್ತದೆ. ಮುಗಿಯಿತು.

ಈ ಸಾಧನೆ 641 ಗೊತ್ತಿದ್ದವರಿಗೆ ಮಾತ್ರ ಹೊಳೆಯುವಂಥದ್ದು ಎಂಬ ಆಕ್ಷೇಪ ನ್ಯಾಯವೇ. ಹುಡುಕಬೇಕಾದರೆ ಬೇರೆ ದಾರಿ: 2³² + 1 ಅನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ 64ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು. ಅಂಥ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೇ ಯತ್ನಕ್ಕೇ ಸಿಕ್ಕಿಬಿಡುತ್ತದೆ. ಫ್ರೆಂಚ್ ಗಣಿತಜ್ಞ ಎಡುವಾರ್ ಲ್ಯೂಕಾ ನಂತರ ಈ ನಿಯಮವನ್ನು ಬಿಗಿಗೊಳಿಸಿ 64ರ ಜಾಗದಲ್ಲಿ 128 ಇಟ್ಟರು. ಆಗ ಪರೀಕ್ಷಿಸಬೇಕಾದದ್ದು 257 ಮತ್ತು 641 ಮಾತ್ರ.

6700417 ಕೂಡ ಒಡೆಯುವುದಿಲ್ಲ ಎಂದು ಹೇಗೆ ಗೊತ್ತು?

ಅದೇ ನಿಯಮದಿಂದ. ಇದರ ವರ್ಗಮೂಲ 2589ಕ್ಕಿಂತ ಕಡಿಮೆ, ಆದ್ದರಿಂದ ಅಲ್ಲಿಯವರೆಗೆ 128ರ ಗುಣಕಕ್ಕಿಂತ ಒಂದು ಹೆಚ್ಚಿರುವ ಅವಿಭಾಜ್ಯಗಳನ್ನು ಮಾತ್ರ ನೋಡಿದರೆ ಸಾಕು. ಅವು ಇರುವುದೇ ಐದು. 257ರಿಂದ ಭಾಗಿಸಿದರೆ ಶೇಷ 170, 641ರಿಂದ 44, 769ರಿಂದ 120, 1153ರಿಂದ 334, 1409ರಿಂದ 622. ಯಾವುದೂ ಸೊನ್ನೆಯಲ್ಲ. ನಿಯಮ ಗೊತ್ತಿಲ್ಲದೆ ಹೋದರೆ ಇದೇ ಕೆಲಸಕ್ಕೆ ಮುನ್ನೂರಕ್ಕೂ ಹೆಚ್ಚು ಭಾಗಾಕಾರ ಬೇಕು.

ಒಂದು ಎಚ್ಚರಿಕೆ. ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ‘2ನ್ನು ಆ ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೇರಿಸಿ ಭಾಗಿಸಿದರೆ ಶೇಷ 1 ಬರುತ್ತದೆಯೇ ನೋಡಿ’ ಎಂಬ ಪರೀಕ್ಷೆಯನ್ನು ಹಲವರು ಬಳಸುತ್ತಾರೆ. 4294967297ರ ಮೇಲೆ ಪ್ರಯೋಗಿಸಿದರೆ ಅದು ಮೋಸ ಮಾಡುತ್ತದೆ: ಶೇಷ 1 ಎಂದೇ ಬರುತ್ತದೆ. ಎಲ್ಲ ಫರ್ಮಾ ಸಂಖ್ಯೆಗಳೂ ಎರಡರ ಈ ಪರೀಕ್ಷೆಯನ್ನು ಪಾಸಾಗುತ್ತವೆ. ಆಧಾರವಾಗಿ 3 ತೆಗೆದುಕೊಂಡರೆ ಬಣ್ಣ ಬಯಲಾಗುತ್ತದೆ.

ಒಟ್ಟು ಎಷ್ಟು ಭಾಜಕಗಳಿವೆ?

128. ಏಳು ಬೇರೆ ಬೇರೆ ಅವಿಭಾಜ್ಯಗಳು, ಪ್ರತಿಯೊಂದೂ ಒಂದೇ ಸಲ. ಒಂದೊಂದನ್ನೂ ಸೇರಿಸುವುದು ಅಥವಾ ಬಿಡುವುದು, ಹೀಗೆ 2⁷ ಆಯ್ಕೆ. ಎಲ್ಲ ಭಾಜಕಗಳನ್ನು ಕೂಡಿದರೆ ಸಂಖ್ಯೆಯ ಸುಮಾರು 1.7034 ಪಟ್ಟು ಬರುತ್ತದೆ. ಎರಡು ಪಟ್ಟು ಮುಟ್ಟದ್ದರಿಂದ ಇದು ಪರಿಪೂರ್ಣ ಸಂಖ್ಯೆಯಲ್ಲ, ನ್ಯೂನ ಸಂಖ್ಯೆ.

ಪೂರ್ಣ ವರ್ಗವೇ? ಎರಡು ವರ್ಗಗಳ ಮೊತ್ತವೇ? ತ್ರಿಕೋನ ಸಂಖ್ಯೆಯೇ?

ಮೂರೂ ಅಲ್ಲ. ಯಾವ ಅವಿಭಾಜ್ಯವೂ ಎರಡು ಸಲ ಬರದ್ದರಿಂದ ವರ್ಗವಾಗಲಿ ಘನವಾಗಲಿ ಆಗುವ ಪ್ರಶ್ನೆಯೇ ಇಲ್ಲ. 8ರಿಂದ ಭಾಗಿಸಿದರೆ ಶೇಷ 7, ಹಾಗಾಗಿ ಎರಡು ಇರಲಿ, ಮೂರು ವರ್ಗಗಳ ಮೊತ್ತವಾಗಿಯೂ ಬರೆಯಲಾಗದು. ನಾಲ್ಕು ವರ್ಗಗಳು ಬೇಕೇ ಬೇಕು.

ತ್ರಿಕೋನ ಸಂಖ್ಯೆಯ ಪ್ರಶ್ನೆ ರಾಮಾನುಜನ್ ಅವರ ಬಳಿ ಹೋಗಿ ನಿಲ್ಲುತ್ತದೆ. ಇದು ತ್ರಿಕೋನ ಸಂಖ್ಯೆ, ಅಂದರೆ 1 + 2 + 3 + … ರೀತಿಯ ಮೊತ್ತ, ಆಗಬೇಕಾದರೆ ಇದರ ಎಂಟು ಪಟ್ಟಿಗೆ ಒಂದು ಸೇರಿಸಿದ್ದು, ಅಂದರೆ 2⁶⁷ − 7, ವರ್ಗವಾಗಿರಬೇಕು. ಎರಡರ ಘಾತದಿಂದ 7 ಕಳೆದಾಗ ವರ್ಗ ಬರುವುದು ಘಾತ 3, 4, 5, 7, 15 ಇದ್ದಾಗ ಮಾತ್ರ ಎಂದು 1913ರಲ್ಲಿ ರಾಮಾನುಜನ್ ಊಹಿಸಿದರು, 1948ರಲ್ಲಿ ನಾರ್ವೆಯ ನಾಗೆಲ್ ಸಾಧಿಸಿದರು. 67 ಆ ಪಟ್ಟಿಯಲ್ಲಿಲ್ಲ.

ಇಷ್ಟು ಬಾಹುಗಳ ಸಮಬಹುಭುಜವನ್ನು ಕೈವಾರ, ಅಳತೆಪಟ್ಟಿಯಿಂದ ರಚಿಸಬಹುದೇ?

ಸಿದ್ಧಾಂತದ ಮಟ್ಟದಲ್ಲೂ ಆಗದು. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು ಎಂಬುದು ಗೌಸ್ ಮತ್ತು ವಾಂಟ್ಸೆಲ್ ಅವರ ಪ್ರಮೇಯ. ಇಲ್ಲಿ 641 ಕೆಲಸ ಕೆಡಿಸುತ್ತದೆ: 640 ಎರಡರ ಘಾತವಲ್ಲ, ಅದರಲ್ಲೊಂದು 5 ಕೂತಿದೆ. 641 ಮತ್ತು 6700417 ಎರಡನ್ನೂ ಕೈಬಿಟ್ಟರೆ ಉಳಿಯುವ 4294967295 ಬಾಹುಗಳ ಬಹುಭುಜವನ್ನು ರಚಿಸಬಹುದು. ರಚಿಸಬಲ್ಲ ಬೆಸಬಾಹು ಬಹುಭುಜಗಳಲ್ಲಿ ಈವರೆಗೆ ತಿಳಿದಿರುವ ಅತಿ ದೊಡ್ಡದು ಅದೇ.

ಅಕ್ಕಪಕ್ಕದ ಸಂಖ್ಯೆಗಳಲ್ಲಿ ವಿಶೇಷವೇನಾದರೂ ಇದೆಯೇ?

ಒಂದು ಮೇಲಕ್ಕೆ 2⁶⁴. ಎರಡು ಮೇಲಕ್ಕೆ 2⁶⁴ + 1, ಅದು ಆರನೇ ಫರ್ಮಾ ಸಂಖ್ಯೆ. ಅದೂ ಒಡೆಯುತ್ತದೆ: 274177 × 67280421310721. ಮೊದಲ ಆರು ಫರ್ಮಾ ಸಂಖ್ಯೆಗಳ ಗುಣಲಬ್ಧ ಮುಂದಿನದಕ್ಕಿಂತ ಸರಿಯಾಗಿ ಎರಡು ಕಡಿಮೆ. ಇದರಿಂದಲೇ ಯಾವ ಎರಡು ಫರ್ಮಾ ಸಂಖ್ಯೆಗಳಿಗೂ ಸಾಮಾನ್ಯ ಅಪವರ್ತನ ಇರಲಾಗದು ಎಂದೂ ಸಿಗುತ್ತದೆ. 2⁶⁴ಕ್ಕೆ ಕೆಳಗಿನ ಅತಿ ಹತ್ತಿರದ ಅವಿಭಾಜ್ಯ 2⁶⁴ − 59, ಮೇಲಿನದು 2⁶⁴ + 13.

ಇಪ್ಪತ್ತು ಅಂಕಿಗಳಲ್ಲಿ 2 ಒಂದೂ ಇಲ್ಲ. ಅರ್ಥವೇನಾದರೂ ಇದೆಯೇ?

ಇಲ್ಲ. ಉಳಿದ ಒಂಬತ್ತೂ ಅಂಕಿಗಳಿವೆ, ಎರಡರ ಘಾತದಿಂದ ಹುಟ್ಟಿದ್ದರಲ್ಲಿ 2 ಮಾತ್ರ ಇಲ್ಲ ಎಂಬುದು ತಮಾಷೆಯಾಗಿದೆ, ಅಷ್ಟೇ. ಇಪ್ಪತ್ತು ಅಂಕಿಗಳಲ್ಲಿ ಒಂದು ನಿರ್ದಿಷ್ಟ ಅಂಕಿ ತಪ್ಪಿಹೋಗುವ ಸಾಧ್ಯತೆ ಸುಮಾರು ಶೇ 12. ದಶಮಾನ ಬಿಟ್ಟು ದ್ವಿಮಾನದಲ್ಲಿ ಬರೆದರೆ ಇದು 64 ಒಂದುಗಳ ಸಾಲು, ನಿಜವಾದ ವಿಶೇಷ ಅದು.

ಚದುರಂಗದ ಅಕ್ಕಿಯ ಒಟ್ಟು ಎಷ್ಟು? ಕೆಲವರು 2⁶³ ಎನ್ನುತ್ತಾರಲ್ಲ?

2⁶³ ಎಂಬುದು 64ನೇ ಮನೆಯೊಂದರ ಕಾಳು. ಮೊದಲ ಮನೆಯಲ್ಲಿ ಒಂದು, ಅಂದರೆ 2⁰ ಇದ್ದು, ಮುಂದಿನ ಪ್ರತಿ ಮನೆಗೂ ಕಾಳು ಎರಡು ಪಟ್ಟಾಗುವುದರಿಂದ ಘಾತ ಯಾವಾಗಲೂ ಮನೆಯ ಸಂಖ್ಯೆಗಿಂತ ಒಂದು ಹಿಂದೆ. 64 ಮನೆಗಳ ಒಟ್ಟು 2⁶⁴ − 1. ಪ್ರತಿ ಮನೆಯ ಕಾಳೂ ಅದರ ಹಿಂದಿನ ಎಲ್ಲ ಮನೆಗಳ ಒಟ್ಟಿಗಿಂತ ಒಂದು ಹೆಚ್ಚು. ಇದನ್ನು ನೆನಪಿಟ್ಟರೆ ಗೊಂದಲವಾಗದು.

1000 ಕಾಳಿಗೆ 20 ಗ್ರಾಂ ಎಂದು ಹಿಡಿಯೋಣ. 25 ಕಿಲೋ ಚೀಲದಲ್ಲಿ 12,50,000 ಕಾಳು. 20 ಮನೆ ತುಂಬಲು 10,48,575 ಕಾಳು ಬೇಕು, ಸುಮಾರು 21 ಕಿಲೋ. 21ನೇ ಮನೆಯೊಂದಕ್ಕೇ 10,48,576 ಕಾಳು ಬೇಕು, ಚೀಲದಲ್ಲಿ ಉಳಿದಿರುವುದು 2,01,425. ಅಲ್ಲಿಗೆ ಚೀಲ ಸೋತಿತು. ಅರ್ಧ ಹಲಗೆಗೆ, ಅಂದರೆ 32 ಮನೆಗೆ, ಸುಮಾರು 86 ಟನ್. ಅದನ್ನು ಕೆಲವು ಲಾರಿಗಳಲ್ಲಿ ತರಿಸಬಹುದು. ಇನ್ನರ್ಧಕ್ಕೆ ಇದರ 429 ಕೋಟಿ 49 ಲಕ್ಷ 67 ಸಾವಿರದ 296 ಪಟ್ಟು. ಒಟ್ಟು ಸುಮಾರು 36,893 ಕೋಟಿ ಟನ್. ಇಡೀ ಜಗತ್ತು ಈಗ ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ನಿಗೆ ಸ್ವಲ್ಪ ಮೇಲೆ, ಅಂದರೆ ಏಳುನೂರು ವರ್ಷದ ಬೆಳೆ. ಕಾಳಿನ ತೂಕ ತಳಿಯಿಂದ ತಳಿಗೆ ಬದಲಾಗುವುದರಿಂದ ಬೇರೆ ಬೇರೆ ಕಡೆ ಬೇರೆ ಬೇರೆ ವರ್ಷಗಳ ಲೆಕ್ಕ ಕಾಣುತ್ತೀರಿ. ಅಲ್ಲಿ ಜಗಳವಾಡುವ ಮೊದಲು ಒಂದು ಕಾಳಿಗೆ ಎಷ್ಟು ಮಿಲಿಗ್ರಾಂ ಹಿಡಿದಿದ್ದಾರೆಂದು ಕೇಳಿ.

ಹನೋಯ್ ಗೋಪುರದ 64 ಬಿಲ್ಲೆಗಳಿಗೂ ಇದೇ ಸಂಖ್ಯೆ ಏಕೆ?

ಈ ಆಟದಲ್ಲಿ ಮೂರು ಕಂಬಗಳ ನಡುವೆ ಸಲಕ್ಕೊಂದೇ ಬಿಲ್ಲೆ ಸರಿಸಬೇಕು, ಚಿಕ್ಕದರ ಮೇಲೆ ದೊಡ್ಡದನ್ನು ಇಡುವಂತಿಲ್ಲ. ಅತಿ ದೊಡ್ಡ ಬಿಲ್ಲೆಯನ್ನು ಸರಿಸಬೇಕಾದರೆ ಮೇಲಿನ 63ನ್ನೂ ಪಕ್ಕಕ್ಕೆ ಸಾಗಿಸಬೇಕು, ಆಮೇಲೆ ಮತ್ತೆ ಅದರ ಮೇಲೆ ತರಬೇಕು. ಹಾಗಾಗಿ ಪ್ರತಿ ಹೊಸ ಬಿಲ್ಲೆಗೂ ನಡೆಗಳು ಎರಡು ಪಟ್ಟು ಮತ್ತೊಂದು: 1, 3, 7, 15, … ಸೆಕೆಂಡಿಗೊಂದು ನಡೆಯಂತೆ ಸುಮಾರು 58,454 ಕೋಟಿ ವರ್ಷ. 432 ಕೋಟಿ ವರ್ಷದ ಕಲ್ಪದ ಲೆಕ್ಕದಲ್ಲಿ 135 ಕಲ್ಪ. ಅಂದಹಾಗೆ, ಕಾಶಿಯ ದೇಗುಲದಲ್ಲಿ ಪುರೋಹಿತರು ಚಿನ್ನದ ಬಿಲ್ಲೆ ಸರಿಸುತ್ತಿದ್ದಾರೆ ಎಂಬ ಕಥೆ ಕಾಶಿಯದಲ್ಲ. 1883ರಲ್ಲಿ ಲ್ಯೂಕಾ ಈ ಆಟವನ್ನು ಹೊರತಂದ ಮೇಲೆ ಫ್ರಾನ್ಸಿನಲ್ಲಿ ಹಬ್ಬಿದ್ದು.

ಎಕ್ಸೆಲ್‌ನಲ್ಲಿ ಹಾಕಿದರೆ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ಏಕೆ?

ಎಕ್ಸೆಲ್ 15 ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಸಂಖ್ಯೆಯನ್ನು ಟೈಪ್ ಮಾಡಿದರೆ 18446744073709500000 ಆಗುತ್ತದೆ. =2^64 ಎಂದು ಸೂತ್ರ ಕೊಟ್ಟರೆ 18446744073709600000 ತೋರಿಸುತ್ತದೆ. ಎರಡೂ ತಪ್ಪು, ತಪ್ಪಿನ ಬಗೆ ಮಾತ್ರ ಬೇರೆ: ಮೊದಲನೆಯದು ಕತ್ತರಿಸಿದ್ದು, ಎರಡನೆಯದು ಹತ್ತಿರದ ಅಂಕಿಗೆ ದುಂಡಾಗಿಸಿದ್ದು. ಅಂಕಿ ಉಳಿಯಬೇಕಾದರೆ ಟೈಪ್ ಮಾಡುವ ಮೊದಲೇ ಆ ಮನೆಯನ್ನು ಟೆಕ್ಸ್ಟ್ ಎಂದು ಬದಲಿಸಿ. ಆಮೇಲೆ ಬದಲಿಸಿದರೆ ಕಳೆದುಹೋದ ಅಂಕಿಗಳು ಮರಳುವುದಿಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ ಸಾಮಾನ್ಯ ಸಂಖ್ಯೆಯಾಗಿ ಬಳಸಿದರೆ 18446744073709552000 ಎಂದು ಮುದ್ರಿಸುತ್ತದೆ, ಜೊತೆಗೆ 2**64 − 1 ಮತ್ತು 2**64 ಸಮ ಎಂದು ಹೇಳುತ್ತದೆ (** ಎಂದರೆ ಘಾತ). ಅಲ್ಲಿನ ದಶಾಂಶ ಮಾದರಿ ಪ್ರತಿ ಪೂರ್ಣಾಂಕವನ್ನೂ ಬಿಡದೆ ನಿಖರವಾಗಿ ಹಿಡಿಯುವುದು 2⁵³ರವರೆಗೆ, ಅಂದರೆ 9007199254740992ರವರೆಗೆ. ನಮ್ಮ ಸಂಖ್ಯೆಯ ಆಸುಪಾಸಿನಲ್ಲಿ ಅದು ಹಿಡಿಯಬಲ್ಲ ಎರಡು ಸಂಖ್ಯೆಗಳ ನಡುವೆ 2048ರ ಅಂತರವಿದೆ. ಹಾಗಾಗಿ ದೊಡ್ಡ ಪೂರ್ಣಾಂಕಗಳಿಗೆಂದೇ ಇರುವ ಬಿಗ್‌ಇಂಟ್ ಬಳಸಿ. ಪೈಥಾನ್‌ನಲ್ಲಿ 2**64 − 1 ನೇರವಾಗಿ ಸರಿಯಾದ ಉತ್ತರ ಕೊಡುತ್ತದೆ. ಆದರೆ ಅಲ್ಲೂ ಅರ್ಧ ಮಾಡಲು ಒಂದೇ ಓರೆಗೆರೆ ಹಾಕಿದರೆ ದಶಾಂಶಕ್ಕೆ ಜಾರುತ್ತೀರಿ, ಎರಡು ಓರೆಗೆರೆ ಹಾಕಬೇಕು.

ನನ್ನ ಪ್ರೋಗ್ರಾಂ ಎಲ್ಲಿಂದಲೋ ಈ ಸಂಖ್ಯೆಯನ್ನು ತಂದು ಮುದ್ರಿಸಿತು. ಏನಾಗಿದೆ?

ಹೆಚ್ಚಿನ ಸಂದರ್ಭಗಳಲ್ಲಿ ಅದು ವೇಷ ಬದಲಿಸಿದ −1. 64 ಬಿಟ್‌ಗಳಲ್ಲಿ −1 ಎಂದರೆ ಎಲ್ಲ ಬಿಟ್‌ಗಳೂ 1. ಅದನ್ನೇ ಚಿಹ್ನೆಯಿಲ್ಲದ, ಅಂದರೆ ಎಂದೂ ಋಣವಾಗದ, ಸಂಖ್ಯೆಯೆಂದು ಓದಿದರೆ ಇದು ಬರುತ್ತದೆ. ಮೂರು ಕಡೆ ಹುಡುಕಿ. ಚಿಹ್ನೆಯಿಲ್ಲದ ಎರಡು ಸಂಖ್ಯೆಗಳಲ್ಲಿ ಚಿಕ್ಕದರಿಂದ ದೊಡ್ಡದನ್ನು ಕಳೆದಿದ್ದೀರಾ, ಉದಾಹರಣೆಗೆ ಖಾಲಿ ಪಟ್ಟಿಯ ಉದ್ದದಿಂದ 1? ಸಿ++ನಲ್ಲಿ ಸ್ಟ್ರಿಂಗ್‌ನೊಳಗೆ ಹುಡುಕಿದ್ದು ಸಿಗದಿದ್ದಾಗ ಬರುವ ಉತ್ತರವನ್ನು ಪರೀಕ್ಷಿಸದೆ ಬಳಸಿದ್ದೀರಾ? ಸೊನ್ನೆಯವರೆಗೆ ಕೆಳಗಿಳಿಯುವ ಲೂಪ್‌ಗೆ ಚಿಹ್ನೆಯಿಲ್ಲದ ಎಣಿಕೆ ಇಟ್ಟಿದ್ದೀರಾ? ಕೊನೆಯದಂತೂ ನಿಲ್ಲುವುದೇ ಇಲ್ಲ: ಸೊನ್ನೆಯಾದ ಮೇಲೆ ಮತ್ತೆ ಇಲ್ಲಿಗೇ ಹಾರುತ್ತದೆ.

ಅಪವರ್ತನಗಳು ಗೊತ್ತಿದ್ದರೆ ಪ್ರಯೋಜನವೇನು?

ಯಾದೃಚ್ಛಿಕ ಸಂಖ್ಯೆ ಉತ್ಪಾದಿಸುವ ಹಲವು ವಿಧಾನಗಳು 64 ಬಿಟ್‌ಗಳ ಒಂದು ಸ್ಥಿತಿಯನ್ನು ಹಿಡಿದು, ಸರಿಸಿ, ಬೆರೆಸಿ ಮುಂದಿನ ಸ್ಥಿತಿಗೆ ಹೋಗುತ್ತವೆ. ಸರಿಯಾಗಿ ಹೆಣೆದಿದ್ದರೆ ಸೊನ್ನೆ ಬಿಟ್ಟು ಉಳಿದ 2⁶⁴ − 1 ಸ್ಥಿತಿಗಳನ್ನೂ ಸುತ್ತಿ ಬಂದ ಮೇಲೆಯೇ ಮೊದಲಿನದಕ್ಕೆ ಮರಳುತ್ತವೆ. ಹಾಗಾಗುತ್ತದೆಯೇ ಎಂದು ಓಡಿಸಿ ನೋಡಲಾಗದು: ಸೆಕೆಂಡಿಗೆ ನೂರು ಕೋಟಿ ಹೆಜ್ಜೆ ಇಟ್ಟರೂ 584 ವರ್ಷ ಬೇಕು. ಅಪವರ್ತನಗಳು ನೆರವಿಗೆ ಬರುವುದು ಇಲ್ಲೇ. 2⁶⁴ − 1 ಹೆಜ್ಜೆಗೆ ಮೊದಲಿನ ಸ್ಥಿತಿಗೆ ಮರಳುತ್ತದೆ ಎಂದು ಒಂದು ಸಲ, ಈ ಸಂಖ್ಯೆಯನ್ನು ಏಳು ಅವಿಭಾಜ್ಯಗಳಲ್ಲಿ ಒಂದೊಂದರಿಂದ ಭಾಗಿಸಿ ಬಂದಷ್ಟು ಹೆಜ್ಜೆಗೆ ಮರಳುವುದಿಲ್ಲ ಎಂದು ಏಳು ಸಲ, ಒಟ್ಟು ಎಂಟು ಪರೀಕ್ಷೆ. ಪ್ರತಿಯೊಂದನ್ನೂ ವರ್ಗ ಮಾಡುವ ವಿಧಾನದಿಂದ ಕ್ಷಣಾರ್ಧದಲ್ಲಿ ಮುಗಿಸಬಹುದು. 641 ಮರೆತು ಆರೇ ಅವಿಭಾಜ್ಯ ಪರೀಕ್ಷಿಸಿದರೆ, 641 ಪಟ್ಟು ಬೇಗ ಮರುಕಳಿಸುವ ಕೆಟ್ಟ ವಿಧಾನವೂ ಪಾಸಾಗಿಬಿಡಬಹುದು.

ಇಂಥ ವಿಧಾನಕ್ಕೆ ಆರಂಭಿಕ ಬೀಜವಾಗಿ ಸೊನ್ನೆ ಮಾತ್ರ ಕೊಡಬೇಡಿ. ಸೊನ್ನೆಯನ್ನು ಎಷ್ಟು ಸರಿಸಿ ಬೆರೆಸಿದರೂ ಸೊನ್ನೆಯೇ ಬರುತ್ತದೆ.